ಹಳೆಯ ಸ್ಪೀಕರ್ ಏಕೆ ಮುನಿದಿದೆ?

ಹೆಸರುವಾಸಿಯಾದ ಹಳೆಯ ಸ್ಪೀಕರುಗಳ ಜೋಡಿಯೊಂದನ್ನು ಸಾಕಷ್ಟು ಹಣ ತೆತ್ತು ತಂದು, ಮನೆಮಂದಿಯನ್ನೆಲ್ಲ ಕೂರಿಸಿ ತಟ್ಟೆ ಹಾಕಿದಾಗ, ಹೊರಟ ಧ್ವನಿಯು ಕಂಬಳಿ ಹೊದ್ದವನ ಮಾತಿನಂತೆ ಕೇಳಿಸಿದರೆ ಯಜಮಾನನ ಪಾಡು ಹೇಳತೀರದು. “ಇದಕ್ಕೇ ಇಷ್ಟು ದುಡ್ಡು ಸುರಿದಿರಾ?” ಎಂದು ಗೃಹಿಣಿಯು ಬಾಯಿಬಿಟ್ಟು ಕೇಳದಿದ್ದರೂ ಆಕೆಯ ಮುಖವು ಕೇಳುತ್ತದೆ. ಮರುದಿನವೇ ಪೆಟ್ಟಿಗೆಗಳನ್ನು ರಿಪೇರಿಯವನಲ್ಲಿಗೆ ಹೊರಿಸುವುದೂ, ಆತನು “ಒಳಗಿನದನ್ನೆಲ್ಲ ತೆಗೆದು ಹೊಸದು ಹಾಕಿಬಿಡೋಣ, ಸ್ವಾಮಿ” ಎನ್ನುವುದೂ, ಇವರು ತಲೆಯಾಡಿಸುವುದೂ ನಡೆದುಹೋಗುತ್ತದೆ. ಮರಳಿ ಮನೆಗೆ ಬರುವುದು ಹಳೆಯ ಪೆಟ್ಟಿಗೆಯಲ್ಲಿ ಕುಳಿತ ಬೇರೊಂದು ಸ್ಪೀಕರ್. ಹೋದ ಮೂಲ ಭಾಗಗಳು ಮತ್ತೆ ದೊರೆಯುವುದು ಬಲು ಕಷ್ಟ. ಅವು ಕೆಟ್ಟೇ ಇರಲಿಲ್ಲವೆಂಬುದು ಎಷ್ಟೋ ವೇಳೆ ಯಾರಿಗೂ ತಿಳಿಯುವುದೇ ಇಲ್ಲ.

ಎ.ಆರ್.-3 ಎಂಬ ಸ್ಪೀಕರನ್ನೇ ನೋಡೋಣ. ಅಮೆರಿಕದ ಮಸಾಚುಸೆಟ್ಸ್ ಸಂಸ್ಥಾನದ ಕೇಂಬ್ರಿಜ್ ಊರಿನಲ್ಲಿದ್ದ ಅಕೂಸ್ಟಿಕ್ ರಿಸರ್ಚ್ ಸಂಸ್ಥೆಯು 1950ರ ದಶಕದ ಕೊನೆಯಲ್ಲಿ ಇದನ್ನು ಹೊರತಂದಿತು. ಮಂದ್ರ ಸ್ವರಗಳು ಚೆನ್ನಾಗಿ ಕೇಳಬೇಕಾದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕೆಂಬ ನಂಬಿಕೆಯಿದ್ದ ಕಾಲವದು. ಸಂಸ್ಥೆಯ ಎಡ್ಗರ್ ವಿಲ್ಚರ್ ಅವರು ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗೆ ಸಿಕ್ಕಿದ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿಕೊಂಡರು. 12 ಅಂಗುಲದ ವೂಫರ್ ಇದ್ದರೂ ಪೆಟ್ಟಿಗೆಯು ಪುಸ್ತಕದ ಕಪಾಟಿನಲ್ಲಿ ಹಿಡಿಸುವಂತಾಯಿತು. ಇದರದೊಂದು ಜೋಪಾನವಾಗಿ ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ಅಂಥ ಸ್ಪೀಕರು ಮನೆಯಲ್ಲಿ ಮಾತ್ರ ಮಂಕಾಗಿ ನುಡಿದರೆ ಕಾರಣವನ್ನು ಹೊರಗಿನಿಂದ ಒಳಕ್ಕೆ ಹುಡುಕುತ್ತ ಹೋಗಬೇಕು.

ಎರಡು ಪೆಟ್ಟಿಗೆಗಳಲ್ಲಿ ಒಂದು ಮಾತ್ರ ಸರಿಯಿಲ್ಲವೆನಿಸಿದರೆ ಆಂಪ್ಲಿಫೈಯರನ್ನು ಆರಿಸಿ, ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಜೋಡಿಸಿರಿ. ದೋಷವು ಪೆಟ್ಟಿಗೆಯೊಡನೆ ಬಂದರೆ ತಪ್ಪು ಪೆಟ್ಟಿಗೆಯದು. ಇದ್ದ ಕಡೆಯೇ ಉಳಿದರೆ ಆಂಪ್ಲಿಫೈಯರಿನದೋ ತಂತಿಯದೋ ಆಗಿರುತ್ತದೆ. ಎರಡರಲ್ಲೂ ಮಂದ್ರವು ಮಾಯವಾಗಿದ್ದರೆ ಒಂದರ ತಂತಿಗಳು ತಿರುವುಮುರುವಾಗಿರಬಹುದು. ಒಂದು ಪೆಟ್ಟಿಗೆಯು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆದುಕೊಂಡರೆ ಮೃದಂಗದ ತೊಪ್ಪಿಯ ನಾದವು ನಡುವೆಯೇ ಕರಗಿಹೋಗುತ್ತದೆ. ಒಂದು ಪೆಟ್ಟಿಗೆಯ ಎರಡು ತಂತಿಗಳನ್ನು ಅದಲುಬದಲು ಮಾಡಿ ಕೇಳಿರಿ, ಕಾಸಿನ ಖರ್ಚಿಲ್ಲ.

ಇದಕ್ಕೆ ವಿರುದ್ಧವಾಗಿ ಮಂದ್ರವೊಂದೇ ಕೇಳಿ ಉಳಿದದ್ದೆಲ್ಲ ಮೌನವಾಗಿದ್ದರೆ ಪೆಟ್ಟಿಗೆಯ ಬೆನ್ನನ್ನು ನೋಡಿರಿ. ಅಲ್ಲಿ 1, 2, ಟಿ ಎಂಬ ಮೂರು ಮೊಳೆಗಳಿವೆ. 2ಕ್ಕೂ ಟಿಗೂ ನಡುವೆ ಒಂದು ಲೋಹದ ಪಟ್ಟಿ ಇರತಕ್ಕದ್ದು. ಕೈಯಿಂದ ಕೈಗೆ ಸಾಗುವಾಗ ಅದು ಬಿದ್ದುಹೋಗಿದ್ದರೆ ಮೇಲಿನ ಸ್ವರಗಳಿಗೆ ದಾರಿಯೇ ಇರುವುದಿಲ್ಲ. ತುಂಡು ತಾಮ್ರದ ತಂತಿಯಿಂದ ಆ ಕೆಲಸವಾಗುತ್ತದೆ.

ಆದರೆ ಈ ಸ್ಪೀಕರಿನ ನಿಜವಾದ ಕುಲವ್ಯಾಧಿಯೆಂದರೆ ಬೆನ್ನಿನಲ್ಲಿರುವ ಎರಡು ತಿರುಗುವ ಗುಂಡಿಗಳು. ಮಧ್ಯಸ್ವರಕ್ಕೊಂದು, ತಾರಸ್ವರಕ್ಕೊಂದು. ಇವುಗಳ ಒಳಗೆ ಕಾಲಕ್ರಮದಲ್ಲಿ ಕಿಲುಬು ಹಿಡಿದು ವಿದ್ಯುತ್ತು ಹರಿಯದಂತಾಗುತ್ತದೆ. ಕೇಳುವವನು ಟ್ವೀಟರ್ ಸತ್ತಿತೆಂದು ತಿಳಿಯುತ್ತಾನೆ. ಹಾಗೆ ತೀರ್ಪು ಕೊಡುವ ಮೊದಲು, ಸಣ್ಣ ದನಿಯಲ್ಲಿ ಸಂಗೀತ ಹಾಕಿ, ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ಹತ್ತಿಪ್ಪತ್ತು ಸಲ ತಿರುಗಿಸಿರಿ. ಕರಕರ ಸದ್ದಿನೊಡನೆ ಸ್ವರವು ಒಮ್ಮೆ ಬಂದು ಒಮ್ಮೆ ಹೋದರೆ ಸಂತೋಷಪಡಿರಿ: ಟ್ವೀಟರ್ ಬದುಕಿದೆ. ಗುಂಡಿಯನ್ನು ಬಿಚ್ಚಿಸಿ ಕಿಲುಬು ತೆಗೆಸಬೇಕು, ಇಲ್ಲವೆ ಅದೊಂದನ್ನೇ ಬದಲಿಸಬೇಕು. ಕೆಲವರು ಮೇಲಿನ ಸ್ವರ ಸಾಲದೆಂದು ಆಂಪ್ಲಿಫೈಯರಿನ ಟ್ರೆಬಲ್ ಪೂರ್ತಿ ಏರಿಸಿ, ಶಬ್ದವನ್ನೂ ಏರಿಸುತ್ತಾರೆ. ಇದು ಹುಚ್ಚು ಸಾಹಸ. ಕಿಲುಬು ಹಠಾತ್ತನೆ ದಾರಿಬಿಟ್ಟಾಗ ಅಷ್ಟು ಶಕ್ತಿಯೂ ಕೂದಲಿನಂಥ ತಂತಿಸುರುಳಿಗೆ ನುಗ್ಗಿ, ಬದುಕಿದ್ದ ಟ್ವೀಟರನ್ನು ನಿಜವಾಗಿಯೇ ಸುಟ್ಟೀತು.

ಮಂದ್ರವು ಸಡಿಲವಾಗಿ ಗುಡುಗುಟ್ಟಿದರೆ ಗಾಳಿ ಸೋರುತ್ತಿದೆಯೆಂದು ಶಂಕಿಸಬೇಕು. ಆಂಪ್ಲಿಫೈಯರ್ ಆರಿಸಿ, ವೂಫರಿನ ಕಾಗದದ ಶಂಕುವನ್ನು ಎರಡೂ ಕೈಬೆರಳುಗಳಿಂದ ಸಮವಾಗಿ, ಮೆಲ್ಲಗೆ ಒತ್ತಿ ಬಿಡಿರಿ. ಅದು ಆಲಸಿಯಂತೆ ನಿಧಾನವಾಗಿ ಹಿಂದಿರುಗಿದರೆ ಪೆಟ್ಟಿಗೆ ಭದ್ರವಾಗಿದೆ. ತಟ್ಟನೆ ಪುಟಿದರೆ ಎಲ್ಲೋ ಸಂದಿಯಿದೆ. ಎ.ಆರ್.-3ರ ವೂಫರಿಗೆ ಬಟ್ಟೆಯ ಅಂಚು. ಅದಕ್ಕೆ ಬಳಿದ ಲೇಪವು ಒಣಗಿ ಬಟ್ಟೆಯೇ ಸೋರುವುದುಂಟು. ಅದಕ್ಕೆಂದೇ ಬರುವ ಮೆತ್ತನೆಯ ಲೇಪವನ್ನು ಬಳಿಯಬೇಕೇ ಹೊರತು ಮನೆಯ ಗೋಂದನ್ನಲ್ಲ. ಗೋಂದು ಒಣಗಿ ಗಟ್ಟಿಯಾದರೆ ಶಂಕುವು ಅಲುಗಲಾರದು. 1967ರಲ್ಲಿ ಬಂದ ಎ.ಆರ್.-3ಎ ಮಾದರಿಗೆ ಮುಂದೆ ಫೋಮಿನ ಅಂಚು ಹಾಕಿದರು. ಅದು ವರ್ಷಗಳು ಕಳೆದಂತೆ ಹಳಸಿದ ರೊಟ್ಟಿಯ ಹಾಗೆ ಪುಡಿಯಾಗುತ್ತದೆ. ಅಂಚನ್ನಷ್ಟೇ ಹೊಸದಾಗಿ ಅಂಟಿಸಬಹುದು; ವೂಫರನ್ನು ಎಸೆಯಬೇಕಾಗಿಲ್ಲ. ಒತ್ತುವಾಗ ಒಳಗೆ ತೀಡಿದ ಸದ್ದು ಬಂದರೆ ಮಾತ್ರ ಕೈತೆಗೆದು ಬಲ್ಲವರಿಗೆ ತೋರಿಸಿರಿ.

ಇವು ನಾಲ್ಕು ಓಮಿನ ಸ್ಪೀಕರುಗಳು, ಶಕ್ತಿಯನ್ನು ಹೆಚ್ಚಾಗಿ ಬೇಡುವಂಥವು. ಪುಟ್ಟ ಆಂಪ್ಲಿಫೈಯರಿಗೆ ಕಟ್ಟಿದರೆ ಏದುಸಿರು ಬಿಡುವುದು ಸ್ಪೀಕರಲ್ಲ, ಆಂಪ್ಲಿಫೈಯರು.

ಇಷ್ಟೆಲ್ಲ ಸರಿಯಿದ್ದೂ ಕೆಲವರಿಗೆ ತೃಪ್ತಿಯಾಗದು. 1960ರ ಆಸುಪಾಸಿನಲ್ಲಿ ಈ ಸಂಸ್ಥೆಯವರು ಫೈನ್ ಆರ್ಟ್ಸ್ ಕ್ವಾರ್ಟೆಟ್ ಎಂಬ ವಾದ್ಯತಂಡವನ್ನು ವೇದಿಕೆಯಲ್ಲಿ ಕೂರಿಸಿ, ನುಡಿಸುವುದರ ನಡುವೆ ಸದ್ದಿಲ್ಲದೆ ಧ್ವನಿಮುದ್ರಣಕ್ಕೆ ಬದಲಾಯಿಸುತ್ತಿದ್ದರು. ವಾದ್ಯ ಯಾವುದು, ಸ್ಪೀಕರ್ ಯಾವುದು ಎಂದು ಗುರುತಿಸುವುದು ಕೇಳುಗರಿಗೆ ಕಷ್ಟವಾಗುತ್ತಿತ್ತು. ಸಭಾಂಗಣದಲ್ಲಿ ದೂರ ಕುಳಿತವನಿಗೆ ಪಿಟೀಲು ಹೇಗೆ ಕೇಳುವುದೋ ಹಾಗೆ ನುಡಿಯುವುದು ಇವುಗಳ ಸ್ವಭಾವ. ಇಂದಿನ ಥಳಥಳಿಸುವ ಧ್ವನಿಗೆ ಪಳಗಿದ ಕಿವಿಗೆ ಅದು ಮಂಕೆನಿಸಬಹುದು. ಅಂಥವರು ಒಂದು ವಾರ ಹಾಗೆಯೇ ಕೇಳಿ ನೋಡಲಿ. ಆಗಲೂ ಒಗ್ಗದಿದ್ದರೆ ತಾರಸ್ವರದ ಗುಂಡಿಯನ್ನು ಸ್ವಲ್ಪ ಏರಿಸಿಕೊಳ್ಳಲಿ. ವಿಲ್ಚರ್ ಅವರು ಅದನ್ನು ಅಲ್ಲಿಟ್ಟದ್ದು ಅದಕ್ಕಾಗಿಯೇ.