ಕ್ಲಿಪ್ ಲೆನ್ಸ್ ತಗೊಳ್ಳೋ ಮುಂಚೆ ಎರಡು ಮೀಟರ್ ಹಿಂದೆ ಹೋಗಿ

ಫೆಸ್ಟ್ ಹತ್ತಿರ ಬಂತು ಅಂದ್ರೆ ನಮ್ಮ ಗ್ರೂಪ್‌ಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತೆ: ಫೋನಿಗೆ ಸಿಕ್ಕಿಸೋ ವೈಡ್ ಆ್ಯಂಗಲ್ ಲೆನ್ಸ್ ತಗೋಬಹುದಾ? ನಮ್ಮಲ್ಲಿ ಎಷ್ಟೋ ಜನರ ಫೋನಲ್ಲಿ ಅಲ್ಟ್ರಾವೈಡ್ ಕ್ಯಾಮೆರಾ ಇಲ್ಲ. ಕೆಲವು ನೂರು ರೂಪಾಯಿಗೆ ಆ ಕೊರತೆ ತುಂಬುತ್ತೆ ಅಂದ್ರೆ ಆಸೆ ಆಗೋದು ಸಹಜ. ನಮ್ಮ ಉತ್ತರ ಇಷ್ಟೇ: ತಗೊಳ್ಳಿ, ಆದ್ರೆ ಕ್ಲಬ್‌ಗೆ ಒಂದೇ ಸಾಕು.

ಮೊದಲು ಲೆಕ್ಕ ನೋಡೋಣ. ಫೋನಿನ ಮುಖ್ಯ ಕ್ಯಾಮೆರಾ ಫುಲ್ ಫ್ರೇಮ್ ಲೆಕ್ಕದಲ್ಲಿ ಸಾಮಾನ್ಯವಾಗಿ 26 ಮಿ.ಮೀ. ಆಸುಪಾಸು ಇರುತ್ತೆ. 3 ಮೀಟರ್ ದೂರದಿಂದ ಅಡ್ಡ ಹಿಡಿದರೆ ಸುಮಾರು 4 ಮೀಟರ್ ಅಗಲ ಫ್ರೇಮಿಗೆ ಬರುತ್ತೆ. 0.6 ಎಕ್ಸ್ ಕ್ಲಿಪ್ ಹಾಕಿದರೆ ಅದು ಸುಮಾರು 6.6 ಮೀಟರ್ ಆಗುತ್ತೆ. ಕ್ಲಿಪ್ ಇಲ್ಲದೆ ಅಷ್ಟೇ ಅಗಲ ಬೇಕಂದ್ರೆ 5 ಮೀಟರ್ ದೂರ ನಿಂತರಾಯ್ತು. ಅಂದ್ರೆ ನಾವು ದುಡ್ಡು ಕೊಡ್ತಿರೋದು ಆ ಎರಡು ಮೀಟರಿಗೆ. ಗ್ರೌಂಡಲ್ಲಿ ಅದು ಪುಕ್ಕಟೆ ಸಿಗುತ್ತೆ. ಹಾಸ್ಟೆಲ್ ರೂಮಲ್ಲಿ, ಲ್ಯಾಬಲ್ಲಿ ಬೆನ್ನ ಹಿಂದೆ ಗೋಡೆ ಇರುತ್ತೆ, ಅಲ್ಲಿ ಮಾತ್ರ ಕ್ಲಿಪ್‌ಗೆ ಬೆಲೆ.

ಪ್ರವಾಸಕ್ಕೆ ಬೇಕು ಅನ್ನೋರಿಗೆ ಜೋಗದ ಉದಾಹರಣೆ ಕೊಡ್ತೀವಿ. 253 ಮೀಟರ್ ಎತ್ತರದ ಜಲಪಾತ, ವ್ಯೂ ಪಾಯಿಂಟಿಂದ ವೈಡ್ ಲೆನ್ಸಲ್ಲಿ ತೆಗೆದರೆ ಬಿಳಿ ದಾರದ ಹಾಗೆ ಕಾಣುತ್ತೆ. ವೈಡ್ ಲೆನ್ಸ್ ಜಾಗವನ್ನ ಹೆಚ್ಚು ತುಂಬಿಸುತ್ತೆ, ದೂರದ ವಸ್ತುವನ್ನ ಅಷ್ಟೇ ಚಿಕ್ಕದು ಮಾಡುತ್ತೆ. ಅಲುಗಾಡದ ಕಟ್ಟಡ, ಬೆಟ್ಟಕ್ಕೆ ಫೋನಲ್ಲೇ ಇರೋ ಪನೋರಮಾ ಸಾಕು.

ನಮಗೆ ನಿಜವಾಗಿ ಬೇಜಾರಾಗೋದು ಗ್ರೂಪ್ ಫೋಟೋ ವಿಷಯದಲ್ಲಿ. ಅಗ್ಗದ ಕ್ಲಿಪ್ ಲೆನ್ಸಲ್ಲಿ ಮಧ್ಯಭಾಗ ಚೆನ್ನಾಗೇ ಬರುತ್ತೆ. ಅಂಚಿಗೆ ಹೋದ ಹಾಗೆ ನೇರ ಗೆರೆ ಬಾಗುತ್ತೆ, ಮುಖ ಮಸುಕಾಗುತ್ತೆ. ಬೇರೆ ಬೇರೆ ಬಣ್ಣದ ಬೆಳಕು ಬೇರೆ ಬೇರೆ ಪ್ರಮಾಣದಲ್ಲಿ ಬಾಗೋದರಿಂದ ತಲೆ ಸುತ್ತ ನೇರಳೆ ಅಂಚು ಕಾಣಿಸುತ್ತೆ. ಈಗ ಯೋಚನೆ ಮಾಡಿ, ನಮ್ಮ ಫೋಟೋಗಳಲ್ಲಿ ಅಂಚಲ್ಲಿ ನಿಲ್ಲೋರು ಯಾರು? ಹೊಸ ಜೂನಿಯರ್, ನಾಚಿಕೆ ಸ್ವಭಾವದವರು, ಕೊನೇ ಗಳಿಗೇಲಿ ನಾವು "ಬನ್ನಿ ಅಣ್ಣಾ" ಅಂತ ಕರೆದ ಮೆಸ್ಸಿನವರು. ಎಲ್ಲರೂ ಹಿಡಿಸಲಿ ಅಂತ ಹಾಕಿದ ಲೆನ್ಸು ಅವರ ಮುಖವನ್ನೇ ಕೆಡಿಸಿದರೆ ಏನು ಪ್ರಯೋಜನ? ನಾಲ್ಕು ವರ್ಷ ಆದ್ಮೇಲೆ ಕೆಲವರಿಗೆ ಉಳಿಯೋದು ಆ ಒಂದು ಫೋಟೋನೇ.

ಹಾಗಾಗಿ ಕ್ಲಿಪ್ ಹಾಕಿದಾಗ ಎರಡು ಸಾಲು ಮಾಡಿಸಿ, ಎರಡೂ ಬದಿ ಜಾಗ ಬಿಡಿ, ಆಮೇಲೆ ಕ್ರಾಪ್ ಮಾಡಿ. ಫೋನಿನ ಬ್ಯಾಕ್ ಕವರ್ ತೆಗೆದು, ಮುಖ್ಯ ಕ್ಯಾಮೆರಾದ ನಡುಮಧ್ಯಕ್ಕೆ ಕ್ಲಿಪ್ ಕೂರಿಸಿ. ಸ್ವಲ್ಪ ಸರಿದರೂ ಒಂದು ಮೂಲೆ ಕಪ್ಪಾಗುತ್ತೆ. ಫ್ಲ್ಯಾಶಿಗೆ ಕ್ಲಿಪ್ ಅಡ್ಡ ಬರ್ತಿದೆಯಾ ನೋಡಿ. ಕ್ಲಿಕ್ ಮಾಡಿದ ತಕ್ಷಣ ಝೂಮ್ ಮಾಡಿ ಮೊದಲು ಎರಡು ತುದಿಯ ಮುಖ ನೋಡಿ, ನಿಮ್ಮ ಮುಖ ಆಮೇಲೆ.

ಎಷ್ಟೋ ವೈಡ್ ಕ್ಲಿಪ್‌ಗಳಲ್ಲಿ ಮುಂದಿನ ಭಾಗ ತಿರುಗಿಸಿ ಬಿಚ್ಚಿದರೆ ಉಳಿಯೋದು ಮ್ಯಾಕ್ರೋ ಲೆನ್ಸ್. ಸರ್ಕ್ಯೂಟ್ ಬೋರ್ಡಿನ ಸೋಲ್ಡರಿಂಗ್ ಹತ್ತಿರದಿಂದ ತೆಗೆಯೋಕೆ ಅದು ಆಗುತ್ತೆ, ಪ್ರಾಜೆಕ್ಟ್ ರಿಪೋರ್ಟಿಗೂ ಬಂತು. ಅಂಥದ್ದೊಂದನ್ನ ಎಲ್ಲರೂ ಸೇರಿ ತಗೊಂಡು ಕ್ಲಬ್ ಕಪಾಟಲ್ಲಿ ಇಡೋಣ. ಬೇಕಾದವರು ಹೆಸರು ಬರೆದು ತಗೊಂಡು ಹೋಗಲಿ.