ಆಟದ ಗುಂಡಿಗೆ ಕನ್ನಡ ಬೇಡವೆ?



ಶನಿವಾರದ ಕನ್ನಡ ತರಗತಿಯಲ್ಲಿ ಮಕ್ಕಳ ವಿಡಿಯೋ ಗೇಮಿನ ಗುಂಡಿಗಳಿಗೆ ನಾವು ಕನ್ನಡದ ಹೆಸರು ಹೇಳಿಕೊಡುತ್ತಿದ್ದೇವೆ ಎಂಬ ಸುದ್ದಿ ಕೆಲವರ ಹುಬ್ಬೇರಿಸಿದೆ. "ಕಾಗುಣಿತ ಕಲಿಸಿ, ವಚನ ಕಲಿಸಿ, ಆ ಹಾಳು ಡಬ್ಬಿಗೇಕೆ ಕನ್ನಡ?" ಎಂದು ಕೇಳಿದವರಿದ್ದಾರೆ. "ಅದು ಇಂಗ್ಲಿಷಿನ ವಸ್ತು, ಎ ಎಂದರೆ ಎ, ಬಿ ಎಂದರೆ ಬಿ, ಅದಕ್ಕೆ ಕನ್ನಡ ಹುಡುಕುವುದು ನಗೆಪಾಟಲು" ಎಂದವರೂ ಇದ್ದಾರೆ. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತು ಕೊಡುವ ಉತ್ತರ ಸಾಲದೆಂದು ಇಲ್ಲಿ ಬರೆಯುತ್ತಿದ್ದೇವೆ.

ಎರಡನೆಯ ಗುಂಪಿನವರಿಂದಲೇ ಆರಂಭಿಸೋಣ. ಇದು ಇಂಗ್ಲಿಷಿನ ವಸ್ತು ಎಂದು ಹೇಳಿದವರು ಯಾರು ಸ್ವಾಮಿ? ಎಡಗೈ ಹೆಬ್ಬೆರಳಿಗೆ ಸಿಗುವ ಆ ನಾಲ್ಕು ಮೂಲೆಯ ಗುಂಡಿಯಿದೆಯಲ್ಲ, ಅದನ್ನು ನಿಂಟೆಂಡೊ ಕಂಪನಿಯ ಗುನ್‌ಪೇ ಯೊಕೊಯಿ ಎಂಬ ಜಪಾನೀಯರು 1982ರಲ್ಲಿ 'ಡಾಂಕಿ ಕಾಂಗ್' ಎಂಬ ಕೈಯಾಟಕ್ಕಾಗಿ ರೂಪಿಸಿದರು. 1989ರಲ್ಲಿ ಬಂದ ಗೇಮ್ ಬಾಯ್‌ನಲ್ಲೂ ಅದೇ ಇತ್ತು. ಅಮೆರಿಕದವರು ಅದನ್ನು ಡಿ-ಪ್ಯಾಡ್ ಎಂದರು. ಜಪಾನಿನಲ್ಲಿ ಅದಕ್ಕೆ 'ಜೂಜಿ' ಗುಂಡಿ ಎನ್ನುತ್ತಾರೆ. (ನಮ್ಮ ಜೂಜಲ್ಲ, ಗಾಬರಿ ಬೇಡ!) ಅವರ ಲಿಪಿಯಲ್ಲಿ ಹತ್ತು ಎಂಬ ಅಕ್ಷರ ಕೂಡುವ ಗುರುತಿನ ಹಾಗಿದೆ, ಗುಂಡಿಯೂ ಹಾಗೇ ಕಂಡಿತು, 'ಹತ್ತರ ಅಕ್ಷರ' ಎಂದು ಕರೆದರು. ಅದಕ್ಕೆ ಯಾರೂ ಅಲ್ಲಿ ನಗಲಿಲ್ಲ.

ಇನ್ನು "ಎ ಎಂದರೆ ಎ" ಎಂಬ ಮಾತು. 2017ರಲ್ಲಿ ಬಂದ ನಿಂಟೆಂಡೊ ಸ್ವಿಚ್‌ನಲ್ಲಿ ಎ ಬಲಕ್ಕಿದೆ, ಬಿ ಕೆಳಗಿದೆ. 2022ರಲ್ಲಿ ಬಂದ ಸ್ಟೀಮ್ ಡೆಕ್‌ನಲ್ಲಿ ಎ ಕೆಳಗಿದೆ, ಬಿ ಬಲಕ್ಕಿದೆ. ಎಕ್ಸ್ ಮತ್ತು ವೈ ಕೂಡ ಹೀಗೆಯೇ ಅದಲುಬದಲು. ಅಣ್ಣನ ಕೈಯಲ್ಲಿ ಒಂದು, ತಂಗಿಯ ಕೈಯಲ್ಲಿ ಇನ್ನೊಂದು ಇರುವ ಮನೆಯಲ್ಲಿ "ಎ ಒತ್ತು" ಎಂದು ಕೂಗಿದರೆ ಒಬ್ಬರ ಹೆಬ್ಬೆರಳು ಪೂರ್ವಕ್ಕೆ, ಇನ್ನೊಬ್ಬರದು ದಕ್ಷಿಣಕ್ಕೆ! ಸೋನಿಯವರದು ಇನ್ನೂ ಚೆನ್ನ. ಅವರು ಅಕ್ಷರದ ಗೊಡವೆಯೇ ಬೇಡವೆಂದು ತ್ರಿಕೋನ, ವೃತ್ತ, ಕತ್ತರಿಗುರುತು, ಚೌಕ ಬಳಸಿದರು. ವೃತ್ತವೆಂದರೆ ಹೌದು, ಕತ್ತರಿಯೆಂದರೆ ಇಲ್ಲ ಎಂಬುದು ಮೂಲ ಉದ್ದೇಶ. ಜಪಾನಿನಲ್ಲಿ ಹಾಗೆಯೇ ನಡೆಯಿತು. ನಮ್ಮ ಅಮೆರಿಕದಲ್ಲಿ ತಿರುವುಮುರುವಾಗಿ ಕತ್ತರಿಯೇ ಹೌದಾಯಿತು. 2020ರಲ್ಲಿ ಪ್ಲೇಸ್ಟೇಷನ್ 5 ಬಂದಾಗ ಜಪಾನೀಯರೂ ತಮ್ಮ ಹಳೆಯ ಅಭ್ಯಾಸ ಬಿಡಬೇಕಾಯಿತು. 2019ರಲ್ಲಂತೂ ಆ ಕತ್ತರಿಗೆ 'ಎಕ್ಸ್' ಎನ್ನಬೇಡಿ, 'ಕ್ರಾಸ್' ಎನ್ನಿ ಎಂದು ಪ್ಲೇಸ್ಟೇಷನ್ನಿನ ಬ್ರಿಟನ್ ಶಾಖೆಯೇ ತಿದ್ದಬೇಕಾಯಿತು. ಮಾಡಿದವರು ಮತ್ತು ಆಡುವವರ ನಡುವೆಯೇ ಒಮ್ಮತವಿಲ್ಲದ ಹೆಸರನ್ನು ನಾವು ಮಾತ್ರ ವೇದವಾಕ್ಯವೆಂದು ಒಪ್ಪಿಕೊಳ್ಳಬೇಕೆ?

ಹಾಗಾದರೆ ಏನೆನ್ನಬೇಕು? ಹಿರಿಯರೊಬ್ಬರು ಪ್ರೀತಿಯಿಂದ ಒಂದು ಪಟ್ಟಿ ಮಾಡಿಕೊಟ್ಟರು. ಅದರಲ್ಲಿ 'ಚತುರ್ದಿಕ್ ನಿಯಂತ್ರಕ', 'ಪ್ರಾರಂಭಸೂಚಕ ಕೀಲಿ' ಮುಂತಾದ ಶಬ್ದಗಳಿದ್ದವು. ಅವರ ಪಾಂಡಿತ್ಯದ ಬಗ್ಗೆ ನಮಗೆ ಗೌರವವಿದೆ. ಆದರೆ ಆ ಶಬ್ದ ಹೇಳಿ ಮುಗಿಸುವ ಹೊತ್ತಿಗೆ ಪರದೆಯ ಮೇಲಿನ ಗೊಂಬೆ ಮೂರು ಸಲ ಸತ್ತಿರುತ್ತದೆ. ಇಂಥ ಶಬ್ದಗಳಿಂದಲೇ ಮಕ್ಕಳು ಕನ್ನಡವೆಂದರೆ ಓಡಿಹೋಗುತ್ತಾರೆ.

ನಮ್ಮದು ಸರಳ. ನಾಲ್ಕು ಮೂಲೆಯದು ದಿಕ್ಕಿನ ಗುಂಡಿ. ಹಿಂದಂಚಿನಲ್ಲಿರುವವು ಎಡಹೆಗಲು, ಬಲಹೆಗಲು. ಅಲ್ಲಾಡಿಸುವುದು ಕೋಲು. ಸ್ಟಾರ್ಟ್ ಇದ್ದರೆ ಶುರು. ಸ್ವಿಚ್‌ನಲ್ಲಿ ಆ ಜಾಗಕ್ಕೆ ಬಂದಿರುವ ಗುರುತುಗಳು ಕೂಡು, ಕಳೆ. ಬಲಗೈಯ ನಾಲ್ಕಕ್ಕೆ ಗೋಡೆಯ ನಕ್ಷೆಯಲ್ಲಿರುವಂತೆ ಬಡಗು, ತೆಂಕು, ಮೂಡು, ಪಡು. ಇದೇನು ಹುಚ್ಚು ಎನ್ನಬೇಡಿ. ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ಒಳಗೂ ಈ ನಾಲ್ಕು ಗುಂಡಿಗಳಿಗೆ ದಿಕ್ಕಿನ ಹೆಸರುಗಳೇ ಇವೆ, ಏಕೆಂದರೆ ಯಾವ ಕಂಪನಿಯ ಎ ಎಲ್ಲಿರುತ್ತದೋ ಎಂಬ ರಗಳೆ ಅವರಿಗೂ ಬೇಡವಾಯಿತು. ನಮಗೆ ಇನ್ನೊಂದು ಲಾಭವುಂಟು: ತೆಂಕುತಿಟ್ಟು, ಬಡಗುತಿಟ್ಟು ಎಂದರೇನೆಂದು ಯಕ್ಷಗಾನ ನೋಡುವಾಗ ಮಗುವಿಗೆ ಬೇರೆ ವಿವರಿಸಬೇಕಿಲ್ಲ. ಒಪ್ಪಿಗೆಯ ಗುಂಡಿಗೆ 'ಹೂಂ', ಹಿಂದೆ ಹೋಗುವುದಕ್ಕೆ 'ಊಹೂಂ' ಎಂದು ಹೆಸರಿಟ್ಟವರು ಮಕ್ಕಳೇ. ನಮ್ಮ ಪಟ್ಟಿಯಲ್ಲಿ ಇದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ.

"ಗುಂಡಿ ಎಂದರೆ ಹಳ್ಳವಲ್ಲವೆ?" ಎಂದು ಒಬ್ಬರು ತಕರಾರೆತ್ತಿದರು. ಅಂಗಿಯ ಗುಂಡಿ ಹಾಕಿಕೊಂಡು ಇದುವರೆಗೆ ಯಾರೂ ಹಳ್ಳಕ್ಕೆ ಬಿದ್ದಿಲ್ಲ.

ಈಗ ಮೊದಲನೆಯ ಗುಂಪಿನವರಿಗೆ. ವಚನ ಕಲಿಸುವುದನ್ನು ನಾವು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಯುಗಾದಿಯ ದಿನ ವೇದಿಕೆಯ ಮೇಲೆ ಎರಡು ನಿಮಿಷ ವಚನ ಹೇಳಿ, ಕೆಳಗಿಳಿದ ಕೂಡಲೆ ಅದೇ ಮಗು ಯಾವ ಭಾಷೆಯಲ್ಲಿ ಜಗಳವಾಡುತ್ತದೆ ಎಂಬುದನ್ನು ನಾವೆಲ್ಲರೂ ಕೇಳಿದ್ದೇವೆ. ಊರಲ್ಲಿ ಚೌಕಾಬಾರಾ ಆಡುವಾಗ ಕಾಯಿ ನಡೆಸಿದೆವು, ಕಡಿದೆವು, ಕಾಯಿ ಹಣ್ಣಾಯಿತು ಎಂದೆವು. ಆ ಮಾತುಗಳನ್ನು ನಮಗೆ ಯಾವ ಮೇಷ್ಟ್ರೂ ಕಲಿಸಲಿಲ್ಲ. ಹುಣಸೆಬೀಜದ ಜೊತೆಗೇ ಅಜ್ಜಿಯ ಕೈಯಿಂದ ಬಂದವು. ಇಂದು ಅಜ್ಜ ಅಜ್ಜಿ ಆರು ತಿಂಗಳಿಗೆಂದು ಬಂದು ಸೋಫಾದ ಮೇಲೆ ಕೂತಿರುತ್ತಾರೆ. ಪಕ್ಕದಲ್ಲೇ ಮೊಮ್ಮಗ ಒಂದು ಗಂಟೆ ಆಡುತ್ತಾನೆ. ಅವನು ಆಡುವುದು ಏನೆಂದು ಕೇಳುವುದಕ್ಕೆ ಅವರ ಬಳಿ ಶಬ್ದವಿಲ್ಲ, ಹೇಳುವುದಕ್ಕೆ ಅವನ ಬಳಿ ಇಲ್ಲ. ಆರು ತಿಂಗಳು ಹೀಗೇ ಕಳೆದು, ವಿಮಾನ ನಿಲ್ದಾಣದಲ್ಲಿ ನಮಸ್ಕಾರ ಮಾಡಿಸುತ್ತೇವೆ. "ಅಜ್ಜಿ, ನೀನು ತೆಂಕು ಒತ್ತು, ನಾನು ಹಾರ್ತೀನಿ" ಎಂದು ಅವನಿಗೆ ಹೇಳಲು ಬಂದರೆ ಅಜ್ಜಿಯೂ ಆಟದೊಳಗೆ ಬರುತ್ತಾರೆ. ಡಬ್ಬಿ ಹಾಳೋ ಒಳ್ಳೆಯದೋ ಎಂಬ ಚರ್ಚೆ ಬೇರೆ. ಅದು ಎಷ್ಟು ಹೊತ್ತು ಕೈಯಲ್ಲಿರಬೇಕೆಂದು ತಂದೆತಾಯಿಗಳೇ ತೀರ್ಮಾನಿಸಲಿ. ಇರುವಷ್ಟು ಹೊತ್ತು ಕನ್ನಡವನ್ನು ಬಾಗಿಲ ಹೊರಗೆ ನಿಲ್ಲಿಸುವುದೇಕೆ?

ಪಟ್ಟಿ ಇನ್ನೂ ಪೂರ್ತಿಯಾಗಿಲ್ಲ. ಧಾರವಾಡ, ಮಂಗಳೂರು ಕಡೆಯ ಮನೆಗಳಿಂದ ಬೇರೆ ಶಬ್ದಗಳು ಬಂದರೆ ಸೇರಿಸುತ್ತೇವೆ. ವಿರೋಧವಿರುವವರು ಮುಂದಿನ ಶನಿವಾರ ತರಗತಿಗೆ ಬಂದು ಕೂತು ನೋಡಿ, ಆಮೇಲೆ ಬೈಯಿರಿ. ಮಕ್ಕಳು ಯಂತ್ರಗಳನ್ನು ಮನೆಯಲ್ಲೇ ಚಾರ್ಜ್ ಮಾಡಿಕೊಂಡು ಬರಲಿ. ಆ ಕೋಣೆಯಲ್ಲಿರುವುದು ಎರಡೇ ಪ್ಲಗ್ಗು, ಒಂದು ಕಾಫಿಗೆ ಬೇಕು.