ಕತ್ತಿ ತೊಳೆಯದ ಕೃತಜ್ಞತೆ

ಜುಲೈ 26ರ ಕಾರ್ಗಿಲ್ ವಿಜಯ ದಿವಸ, ಡಿಸೆಂಬರ್ 7ರ ಧ್ವಜ ದಿನ, ಡಿಸೆಂಬರ್ 16ರ ವಿಜಯ ದಿವಸ ಬಂದವೆಂದರೆ ಹುಬ್ಬಳ್ಳಿ-ಧಾರವಾಡದ ಸಂಘಸಂಸ್ಥೆಗಳಿಗೆ ಮಾಜಿ ಸೈನಿಕರ ನೆನಪಾಗುತ್ತದೆ. ಅವರನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಹಾರ ಹಾಕಿ, ಕೈಯಲ್ಲಿ ಹಣ್ಣಿನ ಬುಟ್ಟಿಯನ್ನೋ ಪೇಢೆಯ ಪೊಟ್ಟಣವನ್ನೋ ಇಟ್ಟು, ಛಾಯಾಚಿತ್ರ ತೆಗೆಸಿಕೊಂಡ ಬಳಿಕ ಅನುಭವ ಹೇಳಲು ಐದು ನಿಮಿಷಗಳ ಅವಕಾಶ ಕೊಡಲಾಗುತ್ತದೆ. ಆ ಹಿರಿಯರು ಹಿಮದಲ್ಲಿ ಕಾಲ್ಬೆರಳು ಕಳೆದುಕೊಂಡ ಗೆಳೆಯನ ವಿಷಯವನ್ನೋ, ಊರಿನಿಂದ ಬಂದ ಪತ್ರವನ್ನು ಒಡೆಯುವ ಮೊದಲೇ ಸತ್ತವನ ವಿಷಯವನ್ನೋ ಎತ್ತಿದರೆ ಸಂಘಟಕರು ಕೈಗಡಿಯಾರ ನೋಡಿಕೊಳ್ಳುತ್ತಾರೆ. ಎಷ್ಟು ಮಂದಿ ವೈರಿಗಳನ್ನು ಉರುಳಿಸಿದಿರಿ ಎಂಬ ಪ್ರಶ್ನೆಗೆ ಉತ್ತರ ಬಂದರೆ ಮಾತ್ರ ಚಪ್ಪಾಳೆ. ಇದನ್ನು ಕೃತಜ್ಞತೆಯೆಂದು ಕರೆಯುವುದು ಆ ಶಬ್ದಕ್ಕೆ ಬಗೆಯುವ ಅಪಚಾರವಾಗಿದೆ.

ಜೈನ ನೀತಿಶಾಸ್ತ್ರವು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದೆ. ಗೃಹಸ್ಥನಾದ ಶ್ರಾವಕನು ಸಂಕಲ್ಪೀ ಹಿಂಸೆಯನ್ನು ಸಂಪೂರ್ಣವಾಗಿ ತ್ಯಜಿಸಬೇಕು. ಆಕ್ರಮಣವನ್ನು ತಡೆಯುವಾಗ ಒದಗಿಬರುವ ವಿರೋಧೀ ಹಿಂಸೆಯನ್ನು ಅವನ ಅಣುವ್ರತವು ಸಹಿಸುತ್ತದೆಯೇ ಹೊರತು ಕೊಂಡಾಡುವುದಿಲ್ಲ. ಅದೇ ಶಾಸ್ತ್ರವು ಕರ್ಮವನ್ನು ಕೃತ, ಕಾರಿತ, ಅನುಮೋದಿತ ಎಂದೂ ಎಣಿಸುತ್ತದೆ. ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಒಪ್ಪಿ ತಲೆದೂಗಿದ್ದು ಮೂರೂ ಲೆಕ್ಕಕ್ಕೆ ಬರುತ್ತವೆ. ಗಡಿಯಲ್ಲಿ ನಿಂತ ಸಿಪಾಯಿಯ ಎದುರಿಗೆ ಶಸ್ತ್ರಧಾರಿಯಾದ ವೈರಿಯಿದ್ದನು. ಸಭಾಭವನದ ಮೆತ್ತನೆಯ ಕುರ್ಚಿಯಲ್ಲಿ ಕುಳಿತು ಕೊಲೆಯ ಕಥೆಯನ್ನು ಚಪ್ಪರಿಸುವವನ ಎದುರಿಗೆ ಯಾರಿದ್ದಾರೆ? ಅವನದು ಯಾವ ಲೆಕ್ಕದಿಂದಲೂ ವಿರೋಧೀ ಹಿಂಸೆಯಾಗಲಾರದು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ರೌದ್ರಧ್ಯಾನದ ಬಗೆಗಳಲ್ಲಿ ಮೊದಲು ಹೆಸರಿಸುವುದು ಹಿಂಸೆಯನ್ನೇ. ಪರಂಪರೆಯು ಅದನ್ನು ಹಿಂಸಾನಂದವೆಂದು ಕರೆದಿದೆ. ಸೈನಿಕನು ಮರೆಯಲು ಹೆಣಗುತ್ತಿರುವುದನ್ನು ಅವನ ಬಾಯಿಂದಲೇ ಹೊರಡಿಸಿ ಸುಖಿಸುವ ಸಭೆಗೆ ಆ ಹೆಸರು ಚೆನ್ನಾಗಿ ಒಪ್ಪುತ್ತದೆ.

ಇನ್ನೊಂದು ಬಗೆಯ ಜನರಿದ್ದಾರೆ. ಅಹಿಂಸಾಧರ್ಮೀಯರಿಗೆ ಯುದ್ಧದ ವಿಷಯವೇ ಬೇಡ, ಸಿಪಾಯಿಗಳ ಗೊಡವೆಯೇ ಬೇಡ ಎನ್ನುವವರು ಅವರು. ಈ ಮಾತು ಶುದ್ಧವಾಗಿ ಕಂಡರೂ ಇದರಲ್ಲಿ ಜಾಣತನವೇ ಹೆಚ್ಚು. ಸೈನಿಕನ ಬಂದೂಕಿಗೆ ತೆರಿಗೆ ಕಟ್ಟಿದವರು, ಅವನನ್ನು ಕಳುಹಿಸಿದ ಸರಕಾರಕ್ಕೆ ಮತ ಹಾಕಿದವರು, ಅವನ ಎಚ್ಚರದ ಮೇಲೆ ನಿದ್ರಿಸುವವರು ‘ಕಾರಿತ’ದ ಪಾಲಿನಿಂದ ಹೇಗೆ ತಪ್ಪಿಸಿಕೊಂಡಾರು? ಗಂಗರ ದಂಡನಾಯಕ ಚಾವುಂಡರಾಯನೂ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನೂ ಜಿನಭಕ್ತರೇ ಆಗಿದ್ದರೆಂಬುದನ್ನು ಇಂಥವರು ಮರೆತಂತಿದೆ. ಅನೇಕ ರಣಗಳನ್ನು ಕಂಡ ಚಾವುಂಡರಾಯನು ಶ್ರವಣಬೆಳಗೊಳದಲ್ಲಿ ನಿಲ್ಲಿಸಿದ್ದು, ಅಣ್ಣನನ್ನು ಸೋಲಿಸಿಯೂ ಗೆದ್ದುದನ್ನು ತೊರೆದು ನಿಂತ ಬಾಹುಬಲಿಯ ವಿಗ್ರಹವನ್ನು. ಯುದ್ಧ ಕಂಡವನು ಆರಿಸಿಕೊಂಡ ಸ್ಮಾರಕ ಅದು; ಯುದ್ಧ ಕಾಣದವರು ಆರಿಸುವ ಸ್ಮಾರಕಗಳನ್ನು ವೃತ್ತವೃತ್ತದಲ್ಲೂ ನೋಡಬಹುದು.

ಧಾರವಾಡ ಜಿಲ್ಲೆಗೆ ಇವೆಲ್ಲ ದೂರದ ಸಂಗತಿಗಳಲ್ಲ. ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರವರಿ 3ರಂದು ಸಿಯಾಚಿನ್ ಹಿಮನದಿಯ ಪ್ರದೇಶದಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣ್ಯದಲ್ಲಿ, ಹಿಮಕುಸಿತಕ್ಕೆ ಸಿಕ್ಕಿದರು. ಆರನೆಯ ದಿನ ಆಳವಾದ ಹಿಮವನ್ನು ಕೊರೆದು ಹೊರತೆಗೆದಾಗ ಜೀವವಿತ್ತು. ಫೆಬ್ರವರಿ 11ರಂದು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ಆ ಜೀವವೂ ಹೋಯಿತು. ಅವರೊಡನಿದ್ದ 19ನೆಯ ಮದ್ರಾಸ್ ದಳದ ಒಂಬತ್ತು ಮಂದಿ ಮೊದಲೇ ತೀರಿದ್ದರು. ಪಾರ್ಥಿವ ಶರೀರವು ಹುಬ್ಬಳ್ಳಿಗೆ ಬಂದಾಗ ಸೇರಿದ ಜನಸಾಗರದ ದುಃಖವು ಪ್ರಾಮಾಣಿಕವಾದುದು. ಅದನ್ನು ಯಾರೂ ಹೀಗಳೆಯಲಾಗದು. ಆದರೆ ಆ ಸಾವಿನಲ್ಲಿ ಎದುರಾಳಿಯೇ ಇರಲಿಲ್ಲ. ಗುಂಡಿಲ್ಲ, ಗೆಲುವಿಲ್ಲ, ಬರಿಯ ಚಳಿ. ಸೇನೆಯು 1984ರಲ್ಲಿ ಆ ಹಿಮನದಿಯನ್ನೇರಿದಂದಿನಿಂದ 800ಕ್ಕೂ ಹೆಚ್ಚು ಯೋಧರು ಅಲ್ಲಿ ಪ್ರಾಣ ಬಿಟ್ಟಿದ್ದಾರೆ. ವೈರಿಗಿಂತ ಹವೆಯೇ ಹೆಚ್ಚು ಮಂದಿಯನ್ನು ಕೊಂದಿದೆ. 2003ರ ನವೆಂಬರಿನಲ್ಲಿ ಕದನವಿರಾಮ ಜಾರಿಗೆ ಬಂದ ಮೇಲೂ ಹಿಮವು ವಿರಮಿಸಲಿಲ್ಲ. ಅದೇ ಹಿಮದಿಂದ ಜೀವಂತ ಮರಳಿದವರ ಅನುಭವಕ್ಕೆ ‘ಎಷ್ಟು ಮಂದಿಯನ್ನು ಉರುಳಿಸಿದಿರಿ’ ಎಂಬ ಪ್ರಶ್ನೆಯೊಳಗೆ ಜಾಗವೆಲ್ಲಿದೆ?

ಕನ್ನಡ ನಾಡು ಹಿಂದೆ ಸೈನಿಕನಿಗೆ ಹೇಗೆ ಕೃತಜ್ಞವಾಗಿತ್ತು ಎಂಬುದಕ್ಕೆ ಕಲ್ಲಿನ ಸಾಕ್ಷಿಯಿದೆ. ಬೇಲೂರು ತಾಲೂಕಿನ ಹಲ್ಮಿಡಿಯ ಶಾಸನವನ್ನು ಭಾಷೆಯ ಹಿರಿಮೆಗಾಗಿ ಎಲ್ಲರೂ ನೆನೆಯುತ್ತಾರೆ. ಅದರಲ್ಲಿ ಏನಿದೆಯೆಂದು ಕೇಳುವವರು ಕಡಿಮೆ. ಸುಮಾರು 450ರ ಆ ಶಾಸನ ಯುದ್ಧದಲ್ಲಿ ಹೋರಾಡಿದ ವಿಜ ಅರಸನಿಗೆ ಹಲ್ಮಿಡಿ ಮತ್ತು ಮೂಳಿವಳ್ಳಿ ಎಂಬ ಎರಡು ಊರುಗಳನ್ನು ‘ಬಾಳ್ಗಳ್ಚು’ ಆಗಿ ಕೊಟ್ಟ ದಾಖಲೆ. ಕನ್ನಡದ ಅತಿ ಹಳೆಯ ಶಾಸನಗಳಲ್ಲೊಂದು ಸೈನಿಕನ ಋಣ ತೀರಿಸಿದ ಪತ್ರವೆಂಬುದು ಸಣ್ಣ ಮಾತಲ್ಲ. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆ. ವೀರನ ಕತ್ತಿಯನ್ನು ತೊಳೆದು ಭೂಮಿ ಕೊಡುವ ವಿಧಿ ಅದು. ಮಡಿದವರ ಮನೆಯವರಿಗೆ ನೆತ್ತರುಗೊಡಗೆ, ಕಲ್ನಾಡು ಎಂಬ ದತ್ತಿಗಳೂ ಇದ್ದವು. ಹಲ್ಮಿಡಿಯ ಶಾಸನವು ದತ್ತಿಯನ್ನು ಅಳಿದವನಿಗೆ ಮಹಾಪಾತಕವೆಂದೂ ಹೇಳುತ್ತದೆ. ಆ ರಾಜರು ಅಹಿಂಸಾವ್ರತಿಗಳೇನೂ ಆಗಿರಲಿಲ್ಲ, ಹೊಸ ಯುದ್ಧಕ್ಕೆ ಆಳು ಬೇಕೆಂಬ ಲೆಕ್ಕಾಚಾರವೂ ಅವರಿಗಿದ್ದೀತು. ಆದರೂ ಕತ್ತಿಯ ರಕ್ತವನ್ನು ತೊಳೆಯುವುದು ಕೊಡುವವರ ಕೆಲಸವೆಂಬುದು ಅವರಿಗೆ ತಿಳಿದಿತ್ತು. ಇಂದಿನ ವೇದಿಕೆಯು ಅದನ್ನು ತೊಳೆಯದೆ ಎತ್ತಿ ತೋರಿಸುತ್ತದೆ.

ದತ್ತಿಯ ಮಾತಿಗೆ ಬಂದರೆ ಸಂಗತಿ ಇನ್ನೂ ಕಹಿಯಾಗುತ್ತದೆ. ಸಾಮಾನ್ಯ ಸಿಪಾಯಿಯು ನಲವತ್ತರ ಆಸುಪಾಸಿನಲ್ಲಿಯೇ, ಮಕ್ಕಳು ಇನ್ನೂ ಶಾಲೆಯಲ್ಲಿರುವಾಗಲೇ ನಿವೃತ್ತನಾಗುತ್ತಾನೆ. ಸಮಾನ ಹುದ್ದೆಗೆ ಸಮಾನ ನಿವೃತ್ತಿ ವೇತನ ಬೇಕೆಂದು 2015ರಲ್ಲಿ ಮಾಜಿ ಸೈನಿಕರು ದಿಲ್ಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕೂಡಬೇಕಾಯಿತು. ಸ್ವಾತಂತ್ರ್ಯೋತ್ಸವದ ಮುನ್ನಾದಿನ ಪೊಲೀಸರು ಆ ವೃದ್ಧರನ್ನು ತಳ್ಳಾಡಿದ ದೃಶ್ಯವನ್ನು ದೇಶವೇ ನೋಡಿತು. ಸೆಪ್ಟೆಂಬರ್ 5ರಂದು ಸರಕಾರವು ಯೋಜನೆಯನ್ನು ಘೋಷಿಸಿತು. ವಿವಾದವು 2022ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪನ್ನು ಕಂಡಿತು. ಬಾಕಿಯ ಪಾವತಿಗಾಗಿ 2023ರ ಮಾರ್ಚಿನಲ್ಲಿ ನ್ಯಾಯಾಲಯವು ಮತ್ತೆ ಗಡುವು ಹಾಕಬೇಕಾಯಿತು. ಕರ್ನಾಟಕದ 1969ರ ಭೂಮಂಜೂರಾತಿ ನಿಯಮಗಳಲ್ಲಿ ಮಾಜಿ ಸೈನಿಕರಿಗೆ ಪಾಲು ಮೀಸಲಿದೆ. ಆ ಪಾಲಿಗಾಗಿ ಅರ್ಜಿ ಹಿಡಿದು ಕಚೇರಿಯ ಬಾಗಿಲಲ್ಲಿ ನಿಲ್ಲುವ ಹವಾಲ್ದಾರನ ಜೊತೆಗೆ, ಜುಲೈ 26ರಂದು ಶಾಲು ಹೊದಿಸಿದ ಮಹನೀಯರಲ್ಲಿ ಎಷ್ಟು ಮಂದಿ ಹೋಗಿ ನಿಂತಾರು? ಶಾಲಿನ ಬೆಲೆ ನೂರಿನ್ನೂರು ರೂಪಾಯಿ. ಒಂದು ಮುಂಜಾನೆಯ ಬೆಲೆ ಅದಕ್ಕಿಂತ ಹೆಚ್ಚೆಂದು ಕಾಣುತ್ತದೆ.

ವೀರಗಲ್ಲುಗಳನ್ನು ಜೋಪಾನವಾಗಿಟ್ಟ ವಸ್ತುಸಂಗ್ರಹಾಲಯವು ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಲ್ಲಿದೆ. ಸಾವಿರ ವರ್ಷದ ಹಿಂದೆ ಮಡಿದವನ ಕಥೆಯನ್ನು ಅಕ್ಷರ ಅಕ್ಷರವಾಗಿ ಓದಿಸಿದ ಊರು ಇದು. ಸನ್ಮಾನ ಸಮಿತಿಗಳು ಮುಂದಿನ ವರ್ಷದ ಶಾಲು-ಹಾರಗಳ ಖರ್ಚನ್ನು ಬಿಟ್ಟು, ಬೆಟದೂರಿನಂಥ ಹಳ್ಳಿಗಳ ಮನೆಮನೆಗೆ ಇಬ್ಬರನ್ನು ಕಳುಹಿಸಿ, ಗಡಿಯಾರ ನೋಡದೆ, ಭಯದ ಮಾತನ್ನೂ ಪಶ್ಚಾತ್ತಾಪದ ಮಾತನ್ನೂ ಅಳಿಸದೆ ಬರೆದುಕೊಳ್ಳಲಿ. 1965ರ ಸಮರದಲ್ಲಿ ಇಪ್ಪತ್ತರ ಹರೆಯದವರಾಗಿದ್ದವರಿಗೆ ಈಗ ಎಂಬತ್ತು ದಾಟಿದೆ. 1971ರವರಿಗೆ ಎಪ್ಪತ್ತೈದರ ಸುತ್ತು. ಮುಂದಿನ ಜುಲೈವರೆಗೆ ಕಾಯಲು ಅವರಲ್ಲಿ ಎಲ್ಲರಿಗೂ ಸಾಧ್ಯವಾಗದು.